ರೆಗ್ಯುಲೇಟರ್ ಹಾಕಿದ ಮೇಲೆ ಬೋರ್ಡ್ ಕೈಕೊಡುತ್ತಿದೆಯೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಯುಎಸ್‌ಬಿ ಕೇಬಲ್‌ನಲ್ಲಿ ದಿನವಿಡೀ ತಕರಾರಿಲ್ಲದೆ ಓಡುತ್ತಿದ್ದ, ಆರ್ಡುಯಿನೊ ಅಥವಾ ಇಎಸ್‌ಪಿ 32 ಥರದ ಮೈಕ್ರೋಕಂಟ್ರೋಲರ್ ಬೋರ್ಡ್. ಅದನ್ನು ಕಂಪ್ಯೂಟರ್‌ನಿಂದ ಬಿಡಿಸಿ ಬ್ಯಾಟರಿಯಲ್ಲೋ 12 ವೋಲ್ಟ್ ಅಡಾಪ್ಟರ್‌ನಲ್ಲೋ ಓಡಿಸಬೇಕೆಂದು ನಡುವೆ ಒಂದು ವೋಲ್ಟೇಜ್ ರೆಗ್ಯುಲೇಟರ್, ಅಂದರೆ ಹೆಚ್ಚಿನ ವೋಲ್ಟೇಜನ್ನು ಬೋರ್ಡ್‌ಗೆ ಬೇಕಾದಷ್ಟಕ್ಕೆ ಇಳಿಸಿ ಸ್ಥಿರವಾಗಿಡುವ ಚಿಪ್, ಹಾಕಿದಿರಿ. ಅಲ್ಲಿಂದ ಶುರು. ಒಮ್ಮೆ ಏಳುತ್ತದೆ, ಒಮ್ಮೆ ಏಳುವುದಿಲ್ಲ. ಎದ್ದರೂ ವೈಫೈ ಆನ್ ಆದ ಕ್ಷಣ ರೀಸೆಟ್. ಹತ್ತು ನಿಮಿಷ ಕಳೆದರೆ ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ರೆಗ್ಯುಲೇಟರನ್ನೇ ಕಿತ್ತು ಹೊಸದು ಹಾಕುತ್ತಾರೆ. ಹೊಸದೂ ಹಾಗೆಯೇ ಆಡುತ್ತದೆ. ನಾನು ಕಂಡ ಮಟ್ಟಿಗೆ, ಸುಟ್ಟುಹೋದ ರೆಗ್ಯುಲೇಟರ್ ಅಪರೂಪ. ಅದರೊಳಗೆ ಬರುವ ವೋಲ್ಟೇಜ್ ಸಾಲದಿರುವುದು, ಚಾರ್ಜ್ ಕೂಡಿಟ್ಟು ವೋಲ್ಟೇಜ್‌ನ ಏರಿಳಿತ ತಗ್ಗಿಸುವ ಪಕ್ಕದ ಕೆಪಾಸಿಟರ್ ಇಲ್ಲದಿರುವುದು, ಸಪೂರ ವೈರ್‌ನಲ್ಲಿ ವೋಲ್ಟೇಜ್ ಸೋರಿಹೋಗುವುದು, ಇವೇ ಸಾಮಾನ್ಯ. ಆದ್ದರಿಂದ ಈ ಬರಹದುದ್ದಕ್ಕೂ ಒಂದೇ ಮಾತನ್ನು ಬೇರೆಬೇರೆ ರೀತಿಯಲ್ಲಿ ಹೇಳುತ್ತಿರುತ್ತೇನೆ: ರೆಗ್ಯುಲೇಟರ್‌ನ ಕಾಲುಗಳ ಮೇಲೆಯೇ ಅಳೆಯಿರಿ, ಅದೂ ಬೋರ್ಡ್ ಕೆಲಸ ಮಾಡುತ್ತಿರುವಾಗಲೇ ಅಳೆಯಿರಿ.

ಕೈ ಹಾಕುವ ಮೊದಲು

ಹೊರಗಿನ ಸಪ್ಲೈ ಪರೀಕ್ಷಿಸುವಾಗ ಯುಎಸ್‌ಬಿ ಕೇಬಲ್ ಕಳಚಿಡಿ. ರೆಗ್ಯುಲೇಟರ್ ತಿರುಗುಮುರುಗಾಗಿದ್ದರೆ 12 ವೋಲ್ಟ್ ನೇರ ಕಂಪ್ಯೂಟರ್‌ನ ಪೋರ್ಟ್ ತನಕ ಹೋಗಬಹುದು. ಬೋರ್ಡ್‌ನ ಜೊತೆ ಕಂಪ್ಯೂಟರೂ ಹೋದೀತು.

ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ಅಡಾಪ್ಟರನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಅದು ಕೆಟ್ಟಿದೆ ಎನಿಸಿದರೆ ಬೇರೆ ಅಡಾಪ್ಟರ್ ಹಾಕಿ ನೋಡುವುದಷ್ಟೇ ನಮ್ಮ ಕೆಲಸ.

ಲಿಥಿಯಂ ಸೆಲ್ ಬಳಸುತ್ತಿದ್ದರೆ ನಡುವೆ ಫ್ಯೂಸ್ ಇರಲಿ, ಸೆಲ್‌ಗೆ ಪ್ರೊಟೆಕ್ಷನ್ ಸರ್ಕ್ಯೂಟ್ ಇರಲಿ. ಶಾರ್ಟ್ ಆದರೆ ಅದು ವೈರ್ ಕೆಂಪಗೆ ಕಾಯುವಷ್ಟು ಕರೆಂಟ್ ಕೊಡುತ್ತದೆ.

ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಮೈಮೇಲಿನ ಪಟ್ಟಿ ಇರುವುದು ಮೈನಸ್ ಕಡೆ. ಟ್ಯಾಂಟಲಮ್ ಕೆಪಾಸಿಟರ್‌ನಲ್ಲಿ ಪಟ್ಟಿ ಇರುವುದು ಪ್ಲಸ್ ಕಡೆ. ಈ ವ್ಯತ್ಯಾಸ ಮರೆತು ಉಲ್ಟಾ ಹಾಕಿದರೆ ಮೊದಲನೆಯದು ಉಬ್ಬಿ ಒಡೆಯುತ್ತದೆ, ಎರಡನೆಯದು ಬೆಂಕಿ ಹತ್ತಿಕೊಳ್ಳಬಹುದು. ಹೊಸದಾಗಿ ಜೋಡಿಸಿದ ಸರ್ಕ್ಯೂಟ್‌ಗೆ ಮೊದಲ ಸಲ ಕರೆಂಟ್ ಕೊಡುವಾಗ ಮುಖ ಬಗ್ಗಿಸಿ ನೋಡಬೇಡಿ. ಕನ್ನಡಕ ಹಾಕಿಕೊಳ್ಳಿ.

ಮಲ್ಟಿಮೀಟರ್‌ನ ಕೆಂಪು ವೈರ್ ಯಾವ ತೂತಿನಲ್ಲಿದೆ ಎಂದು ಪ್ರತಿ ಸಲವೂ ನೋಡಿ. 10 ಆಂಪ್ ಎಂದು ಬರೆದ ತೂತಿನಲ್ಲಿ ಇಟ್ಟುಕೊಂಡು ವೋಲ್ಟೇಜ್ ಅಳೆಯಲು ಹೋದರೆ ನೀವೇ ಶಾರ್ಟ್ ಮಾಡಿದಂತೆ.

ಎರಡು ಅಳತೆ, ನಾಲ್ಕು ಉತ್ತರ

ಮೀಟರ್‌ನ ಕಪ್ಪು ಪ್ರೋಬ್ ರೆಗ್ಯುಲೇಟರ್‌ನ ಗ್ರೌಂಡ್ (ಮೈನಸ್ ಕಡೆಯ) ಕಾಲಿನ ಮೇಲೆ ಇರಲಿ. ಬೋರ್ಡ್‌ನ ಬೇರೆಲ್ಲೋ ಸಿಗುವ ಗ್ರೌಂಡ್ ಬೇಡ, ಅದೇ ಕಾಲು. ಕೆಂಪು ಪ್ರೋಬನ್ನು ಮೊದಲು ಇನ್‌ಪುಟ್ ಕಾಲಿಗೆ, ಆಮೇಲೆ ಔಟ್‌ಪುಟ್ ಕಾಲಿಗೆ ಮುಟ್ಟಿಸಿ. ಕಾಲುಗಳು ಒತ್ತೊತ್ತಾಗಿರುವುದರಿಂದ ಪ್ರೋಬ್ ಜಾರಿ ಎರಡು ಕಾಲು ಶಾರ್ಟ್ ಆಗುವುದು ತೀರಾ ಸುಲಭ. ಪ್ರತಿ ಕಾಲಿಗೂ ಚಿಕ್ಕದೊಂದು ವೈರ್ ತುಂಡು ಬೆಸುಗೆ ಹಾಕಿ, ಅದಕ್ಕೆ ಕ್ಲಿಪ್ ಕಚ್ಚಿಸಿ ಅಳೆಯುವುದು ನನ್ನ ಅಭ್ಯಾಸ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ರೆಗ್ಯುಲೇಟರ್ ಉಳಿಯುತ್ತದೆ.

ಇನ್‌ಪುಟ್ಟೇ ಕಡಿಮೆ ಇದ್ದರೆ ದೋಷ ರೆಗ್ಯುಲೇಟರ್‌ಗಿಂತ ಹಿಂದೆ: ಬ್ಯಾಟರಿ, ಅಡಾಪ್ಟರ್, ಸ್ವಿಚ್, ವೈರ್. ಎರಡೂ ಸರಿ ಇದ್ದು ಬೋರ್ಡ್ ಮಾತ್ರ ಸುಮ್ಮನಿದ್ದರೆ ದೋಷ ಅದರ ಮುಂದೆ. ಇನ್‌ಪುಟ್ ಸರಿ, ಔಟ್‌ಪುಟ್ ಕಡಿಮೆ ಎಂದಾದರೆ ಮುಂದೆ ಎಲ್ಲೋ ಶಾರ್ಟ್ ಇದೆ, ಅಥವಾ ರೆಗ್ಯುಲೇಟರ್ ಬಿಸಿಯಾಗಿ ತನ್ನನ್ನು ತಾನೇ ತಡೆದುಕೊಳ್ಳುತ್ತಿದೆ. ಔಟ್‌ಪುಟ್ ಇರಬೇಕಾದ್ದಕ್ಕಿಂತ ಹೆಚ್ಚಿದ್ದರೆ ಯೋಚನೆ ಆಮೇಲೆ, ಮೊದಲು ಕರೆಂಟ್ ತೆಗೆಯಿರಿ.

ಈ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ನಿಮ್ಮ ಲಕ್ಷಣದ ಭಾಗಕ್ಕೆ ಹೋಗಿ.

ಲಕ್ಷಣ: ಬೋರ್ಡ್‌ನಲ್ಲಿ ಒಂದು ಲೈಟೂ ಹತ್ತುವುದಿಲ್ಲ

ಮೊದಲು ಕಾಲುಗಳ ಕ್ರಮ. ಇಲ್ಲಿ ನೆನಪನ್ನು ನಂಬಬೇಡಿ, ಏಕೆಂದರೆ ಒಂದೇ ಮನೆತನದ ಹೆಸರಿರುವ ಚಿಪ್‌ಗಳಲ್ಲೂ ಕ್ರಮ ಬೇರೆ. ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಕಟ್ಟಲು ತೂತಿರುವ, 5 ವೋಲ್ಟ್ ಕೊಡುವ ದೊಡ್ಡ 7805 ರೆಗ್ಯುಲೇಟರ್‌ನಲ್ಲಿ, ಬರಹ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಚಿಕ್ಕ ಟ್ರಾನ್ಸಿಸ್ಟರ್‌ನಂತೆ ಕಾಣುವ 78ಎಲ್05ರಲ್ಲಿ ಚಪ್ಪಟೆ ಮುಖ ನಿಮ್ಮ ಕಡೆ ಇದ್ದಾಗ ಔಟ್‌ಪುಟ್, ಗ್ರೌಂಡ್, ಇನ್‌ಪುಟ್. ಅಂದರೆ ಸರಿಯಾಗಿ ಉಲ್ಟಾ. ಎಎಂಎಸ್ 1117ರಲ್ಲಿ ಗ್ರೌಂಡ್, ಔಟ್‌ಪುಟ್, ಇನ್‌ಪುಟ್. ರೆಸಿಸ್ಟರ್‌ಗಳಿಂದ ವೋಲ್ಟೇಜ್ ಹೊಂದಿಸುವ ಎಲ್‌ಎಂ 317ರಲ್ಲಿ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. 7905 ಎಂಬುದು ಮೈನಸ್ ವೋಲ್ಟೇಜ್‌ನದು. 7805ರ ಡಬ್ಬದಲ್ಲಿ ಅದೊಂದು ಬೆರೆತಿದ್ದರೆ ಯಾವ ಲೆಕ್ಕವೂ ತಾಳೆಯಾಗುವುದಿಲ್ಲ. ಭೂತಗನ್ನಡಿ ಹಿಡಿದು ಚಿಪ್‌ನ ಮೇಲಿನ ಬರಹ ಓದಿ, ಆಮೇಲೆ ಆ ಚಿಪ್‌ನದೇ ಡೇಟಾಶೀಟ್ (ತಯಾರಕರ ವಿವರಪತ್ರ) ನೋಡಿ.

ಕ್ರಮ ಸರಿ ಇದ್ದರೆ ಇನ್‌ಪುಟ್ ಅಳೆಯಿರಿ. ಸೊನ್ನೆ ಬಂದರೆ ಅಡಾಪ್ಟರ್‌ನ ಪಿನ್‌ನ ಒಳಭಾಗ ಪ್ಲಸ್ಸೋ ಮೈನಸ್ಸೋ ನೋಡಿ. ಮೀಟರ್‌ನಲ್ಲಿ ಮೈನಸ್ ಗುರುತು ಬಂದರೆ ಧ್ರುವ ಉಲ್ಟಾ. ಕೆಲವು ಹಳೆಯ ಅಡಾಪ್ಟರ್‌ಗಳು ಎಸಿಯನ್ನೇ ಹೊರಗೆ ಕೊಡುತ್ತವೆ. ಅವುಗಳ ಮೇಲಿನ ಚೀಟಿ ಓದದೆ ಸಿಕ್ಕಿಸಬೇಡಿ. ರಿವರ್ಸ್ ಪ್ರೊಟೆಕ್ಷನ್‌ಗೆಂದು, ಅಂದರೆ ಧ್ರುವ ಉಲ್ಟಾ ಆದರೆ ಕಾಪಾಡಲೆಂದು, ಡಯೋಡ್ ಹಾಕಿದ್ದರೆ ಅದರ ಪಟ್ಟಿ ರೆಗ್ಯುಲೇಟರ್ ಕಡೆ ಇದೆಯೇ ಎಂದೂ ನೋಡಿ.

ಇನ್‌ಪುಟ್ ಇದೆ, ಔಟ್‌ಪುಟ್ ಸೊನ್ನೆಯ ಹತ್ತಿರ ಇದೆ ಎಂದರೆ ಶಾರ್ಟ್‌ನ ಅನುಮಾನ. ಕರೆಂಟ್ ತೆಗೆದು, ಒಂದು ನಿಮಿಷ ಬಿಟ್ಟು, ಮೀಟರನ್ನು ಬೀಪ್ ಮೋಡ್‌ಗೆ ಹಾಕಿ ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಮುಟ್ಟಿಸಿ. ಒಂದು ಕ್ಷಣ ಬೀಪ್ ಆಗಿ ನಿಂತರೆ ಅದು ಕೆಪಾಸಿಟರ್ ಚಾರ್ಜ್ ಆದದ್ದು, ಭಯವಿಲ್ಲ. ಬೀಪ್ ನಿಲ್ಲದೇ ಇದ್ದರೆ ಶಾರ್ಟ್ ನಿಜ. ಬೋರ್ಡ್ ಕಡೆಯ ವೈರ್ ಬಿಡಿಸಿ ಮತ್ತೆ ನೋಡಿ: ಬೀಪ್ ನಿಂತಿತೇ, ಶಾರ್ಟ್ ಬೋರ್ಡ್‌ನಲ್ಲಿ. ಇನ್ನೂ ಇದೆಯೇ, ನಿಮ್ಮ ಬೆಸುಗೆಯಲ್ಲಿ. ಕಾಲುಗಳ ನಡುವೆ ಕೂದಲೆಳೆಯಷ್ಟು ಸೀಸ ಹರಿದಿದ್ದರೂ ಸಾಕು.

ಎರಡೂ ವೋಲ್ಟೇಜ್ ಸರಿ ಇದ್ದೂ ಆರ್ಡುಯಿನೊ ಊನೊ ಏಳದಿದ್ದರೆ, ಅಥವಾ ಮಂಕಾಗಿ ಎದ್ದರೆ, ನೀವು 7805ರ 5 ವೋಲ್ಟನ್ನು ಯಾವ ಪಿನ್‌ಗೆ ಕೊಟ್ಟಿದ್ದೀರಿ ನೋಡಿ. ವಿಐಎನ್ ಪಿನ್‌ಗೆ ಕೊಟ್ಟಿದ್ದರೆ ಅದು ಬೋರ್ಡ್‌ನ ಸ್ವಂತ ರೆಗ್ಯುಲೇಟರ್ ದಾಟಿ ಹೋಗಬೇಕು; ಅದು ತನ್ನ ಪಾಲು ಕಳೆದುಕೊಂಡು ಚಿಪ್‌ಗೆ ತಲುಪುವುದು 4 ವೋಲ್ಟ್ ಆಸುಪಾಸು. ವಿಐಎನ್‌ಗೆ ಬೇಕಾದದ್ದು 7ರಿಂದ 12 ವೋಲ್ಟ್. ಹೊರಗೆ ಸ್ಥಿರಗೊಳಿಸಿದ 5 ವೋಲ್ಟ್ ಹೋಗಬೇಕಾದದ್ದು 5 ವೋಲ್ಟ್ ಪಿನ್‌ಗೆ. ಆದರೆ ಆ ಪಿನ್‌ಗೆ ಯಾವ ಕಾವಲೂ ಇಲ್ಲ. ಅಲ್ಲಿ ತಪ್ಪು ವೋಲ್ಟೇಜ್ ಬಂದರೆ ಅದು ನೇರ ಚಿಪ್‌ಗೆ ಹೋಗುತ್ತದೆ, ಯುಎಸ್‌ಬಿಯೂ ಸಿಕ್ಕಿಸಿದ್ದರೆ ಎರಡು ಸಪ್ಲೈ ಒಂದಕ್ಕೊಂದು ಎದುರಾಗುತ್ತವೆ. ಪ್ರೋಗ್ರಾಮ್ ಹಾಕುವಾಗ ಹೊರಗಿನ 5 ವೋಲ್ಟ್ ವೈರ್ ಬಿಡಿಸಿಬಿಡಿ.

ಲಕ್ಷಣ: ಯುಎಸ್‌ಬಿಯಲ್ಲಿ ಸರಿ, ಹೊರಗಿನ ಸಪ್ಲೈನಲ್ಲಿ ಪದೇಪದೇ ರೀಸೆಟ್

ಎಲ್ಲಕ್ಕಿಂತ ಹೆಚ್ಚು ಜನರನ್ನು ಸತಾಯಿಸುವ ಲಕ್ಷಣ ಇದು. ಮೀಟರ್ ಇಟ್ಟರೆ 5.0 ವೋಲ್ಟ್ ತೋರಿಸುತ್ತದೆ, ಬೋರ್ಡ್ ಮಾತ್ರ ಬೀಳುತ್ತಿರುತ್ತದೆ. ಇಎಸ್‌ಪಿ 32 ಬೋರ್ಡ್ ಆದರೆ ಸೀರಿಯಲ್ ಮಾನಿಟರ್‌ನಲ್ಲಿ ಬ್ರೌನ್‌ಔಟ್ ಡಿಟೆಕ್ಟರ್ ಕೆಲಸ ಮಾಡಿತೆಂಬ ಸಂದೇಶ ಬರುತ್ತದೆ. ವೋಲ್ಟೇಜ್ ಕುಸಿದದ್ದನ್ನು ಚಿಪ್ಪೇ ಹೇಳುತ್ತಿದೆ. ಆ ಮಾತನ್ನು ನಂಬಿ. ಬ್ರೌನ್‌ಔಟ್ ಡಿಟೆಕ್ಟರನ್ನೇ ಕೋಡ್‌ನಲ್ಲಿ ಆಫ್ ಮಾಡುವ ಉಪಾಯ ಬಹಳ ಕಡೆ ಕಾಣಸಿಗುತ್ತದೆ. ದಯವಿಟ್ಟು ಅದನ್ನು ಪರಿಹಾರವೆಂದು ಹಿಡಿಯಬೇಡಿ. ಕುಸಿತ ಹಾಗೆಯೇ ಇರುತ್ತದೆ, ಎಚ್ಚರಿಕೆ ಮಾತ್ರ ನಿಂತಿರುತ್ತದೆ.

ಮೀಟರ್‌ಗೆ ಏಕೆ ಕಾಣುವುದಿಲ್ಲ? ವೈಫೈ ಸಿಗ್ನಲ್ ಕಳಿಸುವ ಹೊತ್ತಿನಲ್ಲಿ ಇಎಸ್‌ಪಿ 32 ಚಿಪ್ 240 ಮಿಲಿಆಂಪ್‌ನಷ್ಟು ಎಳೆಯಬಲ್ಲದು, ಅದೂ ಸೆಕೆಂಡಿನ ಅತಿ ಚಿಕ್ಕ ಭಾಗಕ್ಕೆ. ಸಾಧಾರಣ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಸರಾಸರಿ ತೋರಿಸುತ್ತದೆ. ಕುಸಿತ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಚಿಪ್ ತಯಾರಕರು 500 ಮಿಲಿಆಂಪ್ ಕೊಡಬಲ್ಲ ಸಪ್ಲೈ ಬೇಕೆಂದು ಹೇಳುವುದು ಇದಕ್ಕೇ.

ಅಗ್ಗದ ಪರೀಕ್ಷೆ ಮೊದಲು. ಬೋರ್ಡ್‌ನ ಪವರ್ ಪಿನ್ ಮತ್ತು ಗ್ರೌಂಡ್ ನಡುವೆ, ಬೋರ್ಡ್‌ಗೆ ಅಂಟಿಕೊಂಡಂತೆ, 470 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಒಂದನ್ನು ಹಾಕಿ. ರೀಸೆಟ್ ನಿಂತರೆ ಅಥವಾ ವಿರಳವಾದರೆ ಕಾರಣ ಕ್ಷಣಿಕ ಕುಸಿತವೇ ಎಂದಾಯಿತು. ಅದರ ಮೂಲ ಎಲ್ಲಿ ಎಂಬುದು ಮುಂದಿನ ಪ್ರಶ್ನೆ.

ಎರಡನೆಯದು ವೈರ್. ಬ್ರೆಡ್‌ಬೋರ್ಡ್‌ನ ಹಿಡಿತ ಸಡಿಲವಾಗಿರುತ್ತದೆ, ಜಂಪರ್ ವೈರ್‌ಗಳ ಒಳಗಿನ ತಂತಿ ಬಲು ಸಪೂರ. ಬೋರ್ಡ್ ಓಡುತ್ತಿರುವಾಗ ಒಂದು ಪ್ರೋಬ್ ರೆಗ್ಯುಲೇಟರ್‌ನ ಗ್ರೌಂಡ್ ಕಾಲಿಗೆ, ಇನ್ನೊಂದು ಬೋರ್ಡ್‌ನ ಗ್ರೌಂಡ್ ಪಿನ್‌ಗೆ ಇಡಿ. ಸೊನ್ನೆಯ ಹತ್ತಿರ ಇರಬೇಕು. 0.1 ವೋಲ್ಟ್ ದಾಟಿದರೆ ಆ ವೈರ್ ಬದಲಿಸಿ, ಗಿಡ್ಡದು ಹಾಕಿ, ಸಾಧ್ಯವಾದರೆ ಬೆಸುಗೆಯೇ ಹಾಕಿ. ಪ್ಲಸ್ ವೈರ್‌ಗೂ ಇದೇ ಪರೀಕ್ಷೆ: ರೆಗ್ಯುಲೇಟರ್‌ನ ಔಟ್‌ಪುಟ್ ಕಾಲಿನಿಂದ ಬೋರ್ಡ್‌ನ ಪವರ್ ಪಿನ್ ತನಕ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು, ಡ್ರಾಪ್‌ಔಟ್. ರೆಗ್ಯುಲೇಟರ್ ತನ್ನ ಕೆಲಸ ಮಾಡಲು ಇನ್‌ಪುಟ್ ಔಟ್‌ಪುಟ್‌ಗಿಂತ ಇಷ್ಟು ಮೇಲಿರಲೇಬೇಕು ಎಂಬ ಅಂತರ ಅದು. 7805ಕ್ಕೆ ಸುಮಾರು 2 ವೋಲ್ಟ್, ಅಂದರೆ ಇನ್‌ಪುಟ್ 7 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಎಎಂಎಸ್ 1117ಕ್ಕೆ ಪೂರ್ಣ ಲೋಡ್‌ನಲ್ಲಿ (ಅದು ಕೊಡಬಲ್ಲಷ್ಟೂ ಕರೆಂಟ್ ಎಳೆಯುವಾಗ) 1.1ರಿಂದ 1.3 ವೋಲ್ಟ್. ಈಗ ಸಾಮಾನ್ಯವಾಗಿ ಕಾಣುವ ಮೂರು ಜೋಡಣೆಗಳನ್ನು ಈ ಲೆಕ್ಕಕ್ಕೆ ಹಿಡಿಯೋಣ.

ನಾಲ್ಕು ಎಎ ಸೆಲ್ ಮತ್ತು 7805. ಹೊಸ ಆಲ್ಕಲೈನ್ ಸೆಲ್‌ಗಳಾದರೂ ಒಟ್ಟು 6 ವೋಲ್ಟ್‌ಗಿಂತ ಚೂರು ಹೆಚ್ಚು, ರೀಚಾರ್ಜ್ ಮಾಡುವ ಸೆಲ್‌ಗಳಾದರೆ 4.8. ಮೊದಲ ದಿನವೇ ಸಾಲದು. ಆರು ಆಲ್ಕಲೈನ್ ಸೆಲ್ ಬೇಕು, ಇಲ್ಲವೇ ಡ್ರಾಪ್‌ಔಟ್ ಕಡಿಮೆ ಇರುವ ರೆಗ್ಯುಲೇಟರ್ ಬೇಕು.

ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮತ್ತು 7805. ಖಾಲಿ ಬಿಟ್ಟು ಅಳೆದರೆ 9 ಇರುತ್ತದೆ. ಆದರೆ ಆ ಬ್ಯಾಟರಿಯ ಒಳರೋಧ ಹೆಚ್ಚು. ಲೋಡ್ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತದೆ, ಸ್ವಲ್ಪ ಬಳಸಿದ ಮೇಲೆ 7ರ ಗೆರೆ ದಾಟಿ ಕೆಳಗಿಳಿಯುತ್ತದೆ. ಒಂದೆರಡು ಸೆನ್ಸರ್ ಇರುವ ಬೋರ್ಡ್‌ಗೆ ಪರವಾಗಿಲ್ಲ. ವೈಫೈ ಅಥವಾ ಮೋಟಾರ್ ಇದ್ದರೆ ಈ ಬ್ಯಾಟರಿಯನ್ನು ನಾನಂತೂ ಬಳಸುವುದಿಲ್ಲ.

ಒಂದು ಲಿಥಿಯಂ ಸೆಲ್ ಮತ್ತು 3.3 ವೋಲ್ಟ್‌ನ ಎಎಂಎಸ್ 1117. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್. ಅದರಿಂದ 1.1 ಕಳೆದರೆ 3.1. ಸೆಲ್ 3.7ಕ್ಕೆ ಇಳಿದಾಗ ಉಳಿಯುವುದು 2.6. ಇಎಸ್‌ಪಿ 32ಕ್ಕೆ ಕನಿಷ್ಠ 3.0 ಬೇಕು. ಚಾರ್ಜ್ ಮಾಡಿದ ಮೊದಲ ಗಂಟೆ ಓಡಿ, ಆಮೇಲೆ ರೀಸೆಟ್ ಆಗತೊಡಗುವ ಬೋರ್ಡ್‌ಗಳ ಗುಟ್ಟು ಇದು. ಎಪಿ 2112ರಂಥ ರೆಗ್ಯುಲೇಟರ್ 600 ಮಿಲಿಆಂಪ್ ತನಕ ಕೊಡುತ್ತದೆ, ಡ್ರಾಪ್‌ಔಟ್ ಅರ್ಧ ವೋಲ್ಟ್‌ಗಿಂತಲೂ ಕಡಿಮೆ. ಆದರೆ ಅದರ ಇನ್‌ಪುಟ್ 6 ವೋಲ್ಟ್ ದಾಟಬಾರದು. 9 ವೋಲ್ಟ್ ಬ್ಯಾಟರಿಗೆ ಅದನ್ನು ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು.

16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ 328ಪಿ ಚಿಪ್ (ಊನೊದಲ್ಲಿರುವುದು ಇದೇ) ಇರುವವರಿಗೆ ಇನ್ನೊಂದು ಮಾತು. ಆ ವೇಗಕ್ಕೆ ಚಿಪ್‌ಗೆ ಸುಮಾರು 3.8 ವೋಲ್ಟ್ ಬೇಕೆಂದು ಡೇಟಾಶೀಟ್‌ನ ನಕ್ಷೆ ಹೇಳುತ್ತದೆ. ಊನೊದಲ್ಲಿ ಬ್ರೌನ್‌ಔಟ್ ಗಡಿ ಇರುವುದು 2.7 ವೋಲ್ಟ್‌ಗೆ. ಈ ಎರಡರ ನಡುವೆ ವೋಲ್ಟೇಜ್ ಬಿದ್ದಾಗ ರೀಸೆಟ್ ಕೂಡ ಆಗುವುದಿಲ್ಲ, ಚಿಪ್ ಸುಮ್ಮನೆ ತಪ್ಪು ಲೆಕ್ಕ ಹಾಕಬಹುದು. ಕೋಡ್‌ನಲ್ಲಿ ದೋಷ ಹುಡುಕುತ್ತ ಎರಡು ದಿನ ಕಳೆಯುವ ಮೊದಲು ಒಮ್ಮೆ ಸಪ್ಲೈ ಅಳೆಯಿರಿ.

ಲಕ್ಷಣ: ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿ, ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಏಳುತ್ತದೆ

ಬೆರಳಿಟ್ಟು ನೋಡಬೇಡಿ. ಒಂದು ಸೆಂಟಿಮೀಟರ್ ದೂರದಲ್ಲಿ ಕೈ ಹಿಡಿದರೆ ಕಾವು ಗೊತ್ತಾಗುತ್ತದೆ.

ಬಿಸಿಯಾಗುವುದು ತಾನಾಗಿಯೇ ದೋಷವಲ್ಲ. 7805, ಎಎಂಎಸ್ 1117, ಎಲ್‌ಎಂ 317 ಇವೆಲ್ಲ ಲೀನಿಯರ್ ಜಾತಿಯವು. ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಸುಡುವುದೇ ಅವುಗಳ ಕೆಲಸದ ರೀತಿ. ಎಷ್ಟು ಸುಡುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು: ಇನ್‌ಪುಟ್‌ನಿಂದ ಔಟ್‌ಪುಟ್ ಕಳೆಯಿರಿ, ಉಳಿದದ್ದನ್ನು ಕರೆಂಟ್‌ನಿಂದ ಗುಣಿಸಿ.

12 ವೋಲ್ಟ್ ಕೊಟ್ಟು 5 ವೋಲ್ಟ್ ತೆಗೆದು, 250 ಮಿಲಿಆಂಪ್ ಬಳಸುತ್ತಿದ್ದೀರಿ ಎನ್ನೋಣ. 7 ಗುಣಿಸು 0.25, ಅಂದರೆ 1.75 ವ್ಯಾಟ್. ಹೀಟ್‌ಸಿಂಕ್ ಇಲ್ಲದ ದೊಡ್ಡ 7805 ಪ್ರತಿ ವ್ಯಾಟ್‌ಗೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹಾಗಾಗಿ ಏರಿಕೆ 114 ಡಿಗ್ರಿ. ಸುತ್ತಲಿನ ಗಾಳಿ 30 ಡಿಗ್ರಿ ಇದ್ದರೆ ಒಳಗಿನ ಚಿಪ್ 144 ಡಿಗ್ರಿ. ಅದರ ಮಿತಿ 125. ಆಗ ಚಿಪ್‌ನೊಳಗಿನ ಥರ್ಮಲ್ ರಕ್ಷಣೆ ಅದನ್ನು ತಡೆಯುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ. ಓಡಿ ನಿಂತು ಮತ್ತೆ ಓಡುವ ಆಟದ ಕಾರಣ ಇದೇ. ರೆಗ್ಯುಲೇಟರ್ ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ.

ಕಡಿಮೆ ಖರ್ಚಿನ ಪರಿಹಾರ ಇನ್‌ಪುಟ್ ಇಳಿಸುವುದು. ಅದೇ ಲೋಡ್‌ಗೆ 9 ವೋಲ್ಟ್ ಅಡಾಪ್ಟರ್ ಹಾಕಿದರೆ 1 ವ್ಯಾಟ್. ಬಿಸಿ ಇರುತ್ತದೆ, ಮಿತಿಯೊಳಗೆ ಇರುತ್ತದೆ. ಅಡಾಪ್ಟರ್ ನಿಜಕ್ಕೂ ಎಷ್ಟು ಕೊಡುತ್ತಿದೆ ಎಂದು ಅಳೆದೇ ನೋಡಿ. ಭಾರವಾದ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳಲ್ಲಿ ಮೇಲೆ 9 ಎಂದಿದ್ದರೂ ಲೋಡ್ ಕಡಿಮೆ ಇದ್ದಾಗ 12 ದಾಟುವುದುಂಟು.

12 ವೋಲ್ಟೇ ಬೇಕಾದರೆ ಇನ್‌ಪುಟ್‌ಗೆ ಸರಣಿಯಲ್ಲಿ 10 ಓಮ್, 2 ವ್ಯಾಟ್ ರೆಸಿಸ್ಟರ್ ಹಾಕಿ. 250 ಮಿಲಿಆಂಪ್‌ನಲ್ಲಿ ಅದು 2.5 ವೋಲ್ಟ್‌ನ ಶಾಖವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ. ಇನ್‌ಪುಟ್ ಕಾಲಿನ ಹತ್ತಿರದ ಕೆಪಾಸಿಟರ್ ರೆಸಿಸ್ಟರ್‌ನ ನಂತರವೇ, ರೆಗ್ಯುಲೇಟರ್ ಕಡೆ ಇರಲಿ.

ಹೀಟ್‌ಸಿಂಕ್ ಇನ್ನೊಂದು ದಾರಿ. ಇಲ್ಲೊಂದು ಅಡಗಿದ ಅಪಾಯವಿದೆ: 7805ರ ಲೋಹದ ಬೆನ್ನು ಗ್ರೌಂಡ್‌ಗೆ ಸೇರಿದ್ದು, ಎಲ್‌ಎಂ 317 ಮತ್ತು ಎಎಂಎಸ್ 1117ರ ಬೆನ್ನು ಔಟ್‌ಪುಟ್‌ಗೆ ಸೇರಿದ್ದು. ಎರಡು ಬೇರೆ ರೆಗ್ಯುಲೇಟರ್‌ಗಳನ್ನು ಒಂದೇ ಹೀಟ್‌ಸಿಂಕ್‌ಗೆ ಕಟ್ಟಿದರೆ ಔಟ್‌ಪುಟ್ ಗ್ರೌಂಡ್‌ಗೆ ಶಾರ್ಟ್. ನಡುವೆ ಮೈಕಾ ಅಥವಾ ಸಿಲಿಕೋನ್ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಬೇಕು.

ವೋಲ್ಟೇಜ್ ಅಂತರ ದೊಡ್ಡದಿದ್ದು ಕರೆಂಟೂ ಹೆಚ್ಚಿದ್ದರೆ ಲೀನಿಯರ್ ಬಿಟ್ಟು ಬಕ್ ಕನ್ವರ್ಟರ್ (ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ) ಮಾಡ್ಯೂಲ್ ಹಾಕಿ. ಎಲ್‌ಎಂ 2596 ಅಥವಾ ಎಂಪಿ 1584 ಚಿಪ್ ಇರುವವು ಸುಲಭವಾಗಿ ಸಿಗುತ್ತವೆ, ಅಷ್ಟೊಂದು ಶಾಖ ಮಾಡುವುದಿಲ್ಲ. ಒಂದೇ ಷರತ್ತು: ಬೋರ್ಡ್‌ಗೆ ಜೋಡಿಸುವ ಮೊದಲೇ ಮೀಟರ್ ಇಟ್ಟುಕೊಂಡು ಮಾಡ್ಯೂಲ್‌ನ ಸ್ಕ್ರೂ ತಿರುಗಿಸಿ 5.0ಕ್ಕೆ ನಿಲ್ಲಿಸಿ. ಹೊಸ ಮಾಡ್ಯೂಲ್ ಎಷ್ಟು ವೋಲ್ಟ್‌ಗೆ ನಿಂತಿರುತ್ತದೋ ಹೇಳಲಾಗದು. ಹಲವು ಸುತ್ತು ತಿರುಗಿಸಿದರೂ ಮೊದಮೊದಲು ಅಂಕಿ ಅಲ್ಲಾಡದೇ ಇರಬಹುದು, ತಾಳ್ಮೆಯಿಂದ ತಿರುಗಿಸುತ್ತಿರಿ.

ಕರೆಂಟ್ 50 ಮಿಲಿಆಂಪ್ ಕೂಡ ಇಲ್ಲ, ಆದರೂ ಬಿಸಿ ಎಂದಾದರೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಆಗ ಶಾರ್ಟ್ ಇದೆ, ಅಥವಾ ಕೆಪಾಸಿಟರ್ ಉಲ್ಟಾ ಇದೆ, ಅಥವಾ ರೆಗ್ಯುಲೇಟರ್ ಆಸಿಲೇಟ್ ಆಗುತ್ತಿದೆ, ಅಂದರೆ ಅದರ ಔಟ್‌ಪುಟ್ ಸ್ಥಿರವಾಗಿ ನಿಲ್ಲದೆ ವೇಗವಾಗಿ ಮೇಲೆ ಕೆಳಗೆ ತೂಗಾಡುತ್ತಿದೆ.

ಲಕ್ಷಣ: ಔಟ್‌ಪುಟ್ ಹೆಚ್ಚಿದೆ

5 ವೋಲ್ಟ್ ಇರಬೇಕಾದಲ್ಲಿ 7, 9, 11. ಬೋರ್ಡ್ ಇನ್ನೂ ಸಿಕ್ಕಿಸಿಲ್ಲವಾದರೆ ನಿಮ್ಮ ಅದೃಷ್ಟ. ಎಟಿಮೆಗಾ 328ಪಿಯ ತಡೆದುಕೊಳ್ಳುವ ಕೊನೆಯ ಮಿತಿ 6 ವೋಲ್ಟ್, ಇಎಸ್‌ಪಿ 32ರದು 3.6.

ಮೊದಲ ಅನುಮಾನ ಗ್ರೌಂಡ್ ಕಾಲಿನ ಬೆಸುಗೆ ಮೇಲೆ. 7805ರ ಗ್ರೌಂಡ್ ಕಾಲು ತೇಲುತ್ತಿದ್ದರೆ ಔಟ್‌ಪುಟ್ ಇನ್‌ಪುಟ್‌ನ ಸಮೀಪಕ್ಕೆ ಏರುತ್ತದೆ. ಎಲ್‌ಎಂ 317ರಲ್ಲಿ ಅಡ್ಜಸ್ಟ್ ಕಾಲಿನ ರೆಸಿಸ್ಟರ್ ಬಿಟ್ಟುಹೋದರೂ ಹೀಗೇ. ಎಲ್‌ಎಂ 317ಕ್ಕೆ ಕನಿಷ್ಠ ಲೋಡ್ ಕೂಡ ಬೇಕು, 10 ಮಿಲಿಆಂಪ್ ಇದ್ದರೆ ಭದ್ರ. ಏನೂ ಲೋಡ್ ಇಲ್ಲದೆ ಅಳೆದಾಗ ತುಸು ಹೆಚ್ಚು ತೋರಿಸಿದರೆ ಕಾರಣ ಅದಿರಬಹುದು.

ಬೆಸುಗೆ, ಕಾಲುಗಳ ಕ್ರಮ ಎರಡೂ ಸರಿ ಇದ್ದೂ ವೋಲ್ಟೇಜ್ ಹೆಚ್ಚಿದ್ದರೆ ಆ ರೆಗ್ಯುಲೇಟರ್ ಒಳಗೆ ಶಾರ್ಟ್ ಆಗಿದೆ. ಎಸೆಯಿರಿ. ಇಂಥ ಸಂದರ್ಭದಲ್ಲಿ ಬದಲಿಸುವುದೇ ಸರಿ.

ಲಕ್ಷಣ: ಸೆನ್ಸರ್ ಅಂಕಿಗಳು ಕುಣಿಯುತ್ತವೆ

ಬೋರ್ಡ್ ಓಡುತ್ತದೆ, ಆದರೆ ಅನಲಾಗ್ ರೀಡಿಂಗ್ ಒಂದೆಡೆ ನಿಲ್ಲುವುದಿಲ್ಲ. ಸೆನ್ಸರ್ ತೆಗೆದು ಆ ಅನಲಾಗ್ ಪಿನ್‌ಗೆ ಎರಡು ರೆಸಿಸ್ಟರ್‌ಗಳಿಂದ ಸಪ್ಲೈನ ಅರ್ಧ ವೋಲ್ಟೇಜ್ ಕೊಡಿ. ಆಗ ಅಂಕಿ ನಿಂತರೆ ದೋಷ ಸೆನ್ಸರ್ ಅಥವಾ ಅದರ ವೈರ್‌ನದು. ಕುಣಿತ ಮುಂದುವರಿದರೆ ಸಪ್ಲೈನಲ್ಲಿ ಗದ್ದಲವಿದೆ.

ಕುಣಿಯದೆ, ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಅದು ಬೇರೆಯೇ ಮಾತು. ಎಟಿಮೆಗಾ ಚಿಪ್ ರೂಢಿಯಲ್ಲಿ ತನ್ನ ಸಪ್ಲೈ ವೋಲ್ಟೇಜನ್ನೇ ಅಳತೆಗೋಲು ಮಾಡಿಕೊಂಡು 1024 ಭಾಗ ಮಾಡುತ್ತದೆ. ಯುಎಸ್‌ಬಿಯಲ್ಲಿ 5.0 ಇದ್ದದ್ದು ರೆಗ್ಯುಲೇಟರ್‌ನಲ್ಲಿ 4.8 ಆದರೆ, ತನ್ನದೇ ಸ್ಥಿರ ವೋಲ್ಟೇಜ್ ಕೊಡುವ ಸೆನ್ಸರ್‌ನ ಅಂಕಿ ಶೇಕಡಾ 4ರಷ್ಟು ಮೇಲಕ್ಕೆ ಹೋಗುತ್ತದೆ. 7805ರ ಔಟ್‌ಪುಟ್ 4.8ರಿಂದ 5.2ರೊಳಗೆ ಎಲ್ಲಿದ್ದರೂ ಅದು ಸರಿಯಾದ ಚಿಪ್ಪೇ. ಚಿಪ್‌ನೊಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಿದರೆ ಈ ತೊಂದರೆ ತಪ್ಪುತ್ತದೆ.

ಗದ್ದಲಕ್ಕೆ ಮದ್ದು ಕೆಪಾಸಿಟರ್. 7805ರ ಇನ್‌ಪುಟ್‌ಗೆ 0.33 ಮೈಕ್ರೋಫ್ಯಾರಡ್, ಔಟ್‌ಪುಟ್‌ಗೆ 0.1, ಎರಡೂ ಕಾಲುಗಳಿಗೆ ಅಂಟಿಕೊಂಡಂತೆ ಇರಲಿ. ಬ್ರೆಡ್‌ಬೋರ್ಡ್‌ನ ಇನ್ನೊಂದು ತುದಿಯಲ್ಲಿರುವ ಕೆಪಾಸಿಟರ್ ಇದ್ದೂ ಇಲ್ಲದಂತೆ. 104 ಎಂದು ಬರೆದ ಚಿಕ್ಕ ಸೆರಾಮಿಕ್ ಬಿಲ್ಲೆಯೇ 0.1 ಮೈಕ್ರೋಫ್ಯಾರಡ್.

ಎಎಂಎಸ್ 1117ರಂಥವುಗಳ ವಿಷಯ ಸೂಕ್ಷ್ಮ. ಅವುಗಳ ಔಟ್‌ಪುಟ್ ಕೆಪಾಸಿಟರ್ ಅಲಂಕಾರವಲ್ಲ, ಸ್ಥಿರವಾಗಿರಲು ಅದು ಬೇಕೇ ಬೇಕು. ಡೇಟಾಶೀಟ್ ಕೇಳುವುದು 22 ಮೈಕ್ರೋಫ್ಯಾರಡ್ ಟ್ಯಾಂಟಲಮ್. ಅದರ ಬದಲು ಒಳರೋಧ ಬಹುತೇಕ ಇಲ್ಲದ ಸೆರಾಮಿಕ್ ಒಂದನ್ನೇ ಹಾಕಿದರೆ ಈ ಜಾತಿಯ ಕೆಲವು ಚಿಪ್‌ಗಳು ಆಸಿಲೇಟ್ ಆಗತೊಡಗುತ್ತವೆ. ಸಾಧಾರಣ ಮೀಟರ್‌ನಲ್ಲಿ ಇದು ಕಾಣದು. 22 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಒಂದನ್ನು ಔಟ್‌ಪುಟ್‌ಗೆ ಸೇರಿಸಿದೊಡನೆ ರೀಡಿಂಗ್ ಶಾಂತವಾದರೆ ಉತ್ತರ ಸಿಕ್ಕಿತು.

ಲಕ್ಷಣ: ಮೋಟಾರ್ ಅಥವಾ ರಿಲೇ ಆನ್ ಆದೊಡನೆ ಬೋರ್ಡ್ ಹ್ಯಾಂಗ್

ಮೋಟಾರ್ ಬಿಡಿಸಿ, ಅದರ ಜಾಗದಲ್ಲಿ ರೆಸಿಸ್ಟರ್ ಸಹಿತ ಎಲ್‌ಇಡಿ ಹಾಕಿ ಅದೇ ಪ್ರೋಗ್ರಾಮ್ ಓಡಿಸಿ. ಹ್ಯಾಂಗ್ ನಿಂತರೆ ಕೋಡ್ ಸರಿ ಇದೆ. ಮೋಟಾರ್‌ಗೆ ಬೋರ್ಡ್‌ನ ರೆಗ್ಯುಲೇಟರ್‌ನಿಂದ ಕರೆಂಟ್ ಕೊಡಬೇಡಿ. ಬೇರೆ ಸಪ್ಲೈ ಕೊಟ್ಟು ಗ್ರೌಂಡ್ ಮಾತ್ರ ಸೇರಿಸಿ. ಆ ಗ್ರೌಂಡ್ ವೈರ್ ಸಪ್ಲೈನ ಬುಡದಲ್ಲೇ ಸೇರಲಿ, ಮೋಟಾರ್‌ನ ಕರೆಂಟ್ ಬೋರ್ಡ್‌ನ ಮೂಲಕ ಹಾದುಹೋಗದಿರಲಿ. ರಿಲೇ ಕಾಯಿಲ್‌ಗೆ ಅಡ್ಡಲಾಗಿ 1ಎನ್ 4007 ಡಯೋಡ್, ಪಟ್ಟಿ ಪ್ಲಸ್ ಕಡೆ. ಬ್ರಷ್ ಇರುವ ಮೋಟಾರ್‌ನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್.

ಲಕ್ಷಣ: ಏನೂ ಕೆಲಸವಿಲ್ಲದಿದ್ದರೂ ಬ್ಯಾಟರಿ ಖಾಲಿ

ಚಿಪ್ ನಿದ್ದೆ ಮಾಡಿದರೂ ರೆಗ್ಯುಲೇಟರ್ ಮಾಡುವುದಿಲ್ಲ. 7805 ಮತ್ತು ಎಎಂಎಸ್ 1117 ಎರಡೂ ತಮಗಾಗಿಯೇ 5 ಮಿಲಿಆಂಪ್‌ನಷ್ಟು ತಿನ್ನುತ್ತವೆ. 500 ಮಿಲಿಆಂಪ್‌ಅವರ್‌ನ 9 ವೋಲ್ಟ್ ಬ್ಯಾಟರಿ ಈ ಒಂದು ಖರ್ಚಿಗೇ 100 ಗಂಟೆಯಲ್ಲಿ, ನಾಲ್ಕು ದಿನದಲ್ಲಿ ಬರಿದು. ತಿಂಗಳುಗಟ್ಟಲೆ ಓಡಬೇಕಾದ ಸೆನ್ಸರ್‌ಗೆ ಎಂಸಿಪಿ 1700ರಂಥದು ಬೇಕು. ಅದು ತಿನ್ನುವುದು 1.6 ಮೈಕ್ರೋಆಂಪ್. ಅದೂ ಕೊಡುವುದು 250 ಮಿಲಿಆಂಪ್ ತನಕ ಮಾತ್ರ, ಇನ್‌ಪುಟ್ ಮಿತಿ 6 ವೋಲ್ಟ್. ಬೋರ್ಡ್ ಮೇಲಿನ ಪವರ್ ಎಲ್‌ಇಡಿಯೂ ಬ್ಯಾಟರಿ ತಿನ್ನುತ್ತಿರುತ್ತದೆ ಎಂಬುದು ನೆನಪಿರಲಿ.

ಏನೂ ತಿಳಿಯದಾಗ: ರೆಗ್ಯುಲೇಟರನ್ನು ಬೇರೆ ಮಾಡಿ ಪರೀಕ್ಷಿಸುವುದು

ಬೋರ್ಡ್ ಪೂರ್ತಿ ಬಿಡಿಸಿ. 5 ವೋಲ್ಟ್ ರೆಗ್ಯುಲೇಟರ್‌ನ ಔಟ್‌ಪುಟ್‌ಗೆ 47 ಓಮ್, 1 ವ್ಯಾಟ್ ರೆಸಿಸ್ಟರ್ ಒಂದನ್ನು ಗ್ರೌಂಡ್‌ಗೆ ಸೇರಿಸಿ, 3.3 ವೋಲ್ಟ್‌ನದಾದರೆ 33 ಓಮ್. ಎರಡರಲ್ಲೂ ಸುಮಾರು 100 ಮಿಲಿಆಂಪ್ ಹರಿಯುತ್ತದೆ. ರೆಸಿಸ್ಟರ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್‌ಗೆ ತಗಲದಂತೆ ಇಡಿ. ಐದು ನಿಮಿಷ ಓಡಿಸಿ ಇನ್‌ಪುಟ್, ಔಟ್‌ಪುಟ್ ಎರಡೂ ಬರೆದುಕೊಳ್ಳಿ. ಔಟ್‌ಪುಟ್ ಅಲುಗದೆ ನಿಂತರೆ 100 ಮಿಲಿಆಂಪ್‌ನ ಮಟ್ಟಿಗೆ ರೆಗ್ಯುಲೇಟರ್, ಕೆಪಾಸಿಟರ್, ಸಪ್ಲೈ ಎಲ್ಲವೂ ಸರಿ. ಇನ್ನು ನೋಡಬೇಕಾದದ್ದು ಬೋರ್ಡ್ ಕಡೆಯ ವೈರ್, ಮತ್ತು ಬೋರ್ಡ್ ಇದಕ್ಕಿಂತ ಹೆಚ್ಚು ಎಳೆಯುತ್ತಿದೆಯೇ ಎಂಬುದು. ಇನ್‌ಪುಟ್ ಕುಸಿದರೆ ಸಪ್ಲೈ ಬದಲಿಸಿ. ಇನ್‌ಪುಟ್ ಗಟ್ಟಿಯಾಗಿದ್ದು, ಚಿಪ್ ತೀರಾ ಬಿಸಿಯಾಗದೆಯೂ ಔಟ್‌ಪುಟ್ ಕುಸಿದರೆ, ಈಗ ಆ ಚಿಪ್ ಬದಲಿಸಲು ನಿಮಗೆ ಕಾರಣವಿದೆ.

ಎಲ್ಲಿ ನಿಲ್ಲಿಸಬೇಕು

ಲಿಥಿಯಂ ಸೆಲ್ ಉಬ್ಬಿದ್ದರೆ, ಸಿಹಿಯಾದ ಘಾಟು ಬಂದರೆ, ಮುಟ್ಟಿದರೆ ಬೆಚ್ಚಗಿದ್ದರೆ ಪರೀಕ್ಷೆ ಅಲ್ಲಿಗೆ ಸಾಕು. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಉರಿಯುವ ವಸ್ತುಗಳಿಂದ ದೂರ ಇಡಿ, ಬ್ಯಾಟರಿ ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಒಪ್ಪಿಸಿ. ಲಿಥಿಯಂ ಸೆಲ್ಲನ್ನು ಬರಿಯ ರೆಗ್ಯುಲೇಟರ್‌ನಿಂದ ಚಾರ್ಜ್ ಮಾಡುವ ಪ್ರಯತ್ನವೂ ಬೇಡ. ಅದಕ್ಕೆಂದೇ ಮಾಡಿದ ಚಾರ್ಜರ್ ಚಿಪ್ ಬೇಕು.

ಕೆಪಾಸಿಟರ್ ತಲೆ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ, ಯುಎಸ್‌ಬಿ ಪೋರ್ಟ್‌ನಿಂದ ಬೋರ್ಡ್ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದು ಕಂಪ್ಯೂಟರ್ ಎಚ್ಚರಿಸಿದರೆ, ಮತ್ತೊಮ್ಮೆ ಆನ್ ಮಾಡಿ ನೋಡುವ ಆಸೆ ಬಿಡಿ. ಸಪ್ಲೈ ಸರಿಯಾದ ವೋಲ್ಟೇಜ್‌ನಲ್ಲಿದ್ದು, ಪಿನ್‌ಗಳಿಗೆ ಏನೂ ಜೋಡಿಸದಿದ್ದರೂ ಮೈಕ್ರೋಕಂಟ್ರೋಲರ್ ಚಿಪ್ಪೇ ಬಿಸಿಯಾಗುತ್ತಿದ್ದರೆ ಅದು ಒಳಗೆ ಸತ್ತಿದೆ. ರೆಗ್ಯುಲೇಟರ್ ಕಡೆ ಎಷ್ಟು ಹುಡುಕಿದರೂ ಫಲವಿಲ್ಲ.

ಕ್ಷಣಿಕ ಕುಸಿತ, ಆಸಿಲೇಶನ್ ಇವುಗಳನ್ನು ಕಣ್ಣಾರೆ ನೋಡಲು ಆಸಿಲೋಸ್ಕೋಪ್ ಬೇಕು. ಅದು ಇರುವವರ ಬಳಿ ಹೋಗುವಾಗ ಬೋರ್ಡ್ ಒಂದನ್ನೇ ಒಯ್ಯಬೇಡಿ. ಬಳಸುತ್ತಿದ್ದ ಅಡಾಪ್ಟರ್ ಅಥವಾ ಬ್ಯಾಟರಿ, ಅದೇ ವೈರ್‌ಗಳು, ರೆಗ್ಯುಲೇಟರ್ ಮೇಲಿನ ಬರಹ, ಹಾಕಿದ ಕೆಪಾಸಿಟರ್‌ಗಳ ಬೆಲೆ ಮತ್ತು ಜಾತಿ, ಜೊತೆಗೆ ನೀವು ಬರೆದಿಟ್ಟ ಆ ಎರಡು ಅಂಕಿಗಳು: ಲೋಡ್ ಇದ್ದಾಗ ಇನ್‌ಪುಟ್ ಎಷ್ಟು, ಔಟ್‌ಪುಟ್ ಎಷ್ಟು. ಇಷ್ಟು ಕೈಯಲ್ಲಿದ್ದರೆ ನೋಡುವವರಿಗೆ ಎಲ್ಲಿಂದ ಶುರು ಮಾಡಬೇಕೆಂಬುದು ಆಗಲೇ ಗೊತ್ತಿರುತ್ತದೆ.